ಹುಕುಂ ಕೊಡೋದು ಕಡೆಯ ಕೆಲಸ: ಸೇನಾನಾಯಕರಿಂದ ನಾವು ಏನು ಕಲಿಯಬಹುದು?

ನಮ್ಮ ಕಡೆ ಯಾವ ಸಭೆಗೆ ಹೋದರೂ ಒಬ್ಬರಾದರೂ ಈ ಮಾತು ಎತ್ತುತ್ತಾರೆ: "ಇದಕ್ಕೆಲ್ಲ ಮಿಲಿಟರಿಯವರ ಥರದ ಒಬ್ಬ ಮನುಷ್ಯ ಬೇಕು ಮಾರಾಯ್ರೆ, ಆಗ ನೋಡಿ ಹ್ಯಾಗೆ ಸರಿಹೋಗುತ್ತೆ." ಹಾಲಿನ ಡೇರಿ ಇರಲಿ, ಅಡಿಕೆ ಸೊಸೈಟಿ ಇರಲಿ, ಗಣಪತಿ ಸಮಿತಿ ಇರಲಿ, ಮಾತು ಮಾತ್ರ ಅದೇ. ಮಿಲಿಟರಿ ಅಂದ ಕೂಡಲೇ ಹೋಟೆಲ್ ನೆನಪಾಗುವವರೂ ಶಿವಮೊಗ್ಗದಲ್ಲಿ ಇದ್ದಾರೆ, ಅವರನ್ನು ಬಿಡಿ. ಉಳಿದವರ ಮನಸ್ಸಿನಲ್ಲಿರುವ ಚಿತ್ರ ಹೆಚ್ಚುಕಡಿಮೆ ಒಂದೇ. ದಪ್ಪ ಮೀಸೆ, ದೊಡ್ಡ ದನಿ, ಒಂದು ಹುಕುಂ, ಎದುರು ಮಾತಿಲ್ಲ.

ಸೇನೆಯ ಇತಿಹಾಸವನ್ನು ಸ್ವಲ್ಪ ಕೆದಕಿದರೆ ಈ ಚಿತ್ರ ನಿಲ್ಲುವುದಿಲ್ಲ. ಒಳ್ಳೆಯ ಸೇನಾನಾಯಕರ ದಿನದಲ್ಲಿ ಹುಕುಂ ಕೊಡುವುದಕ್ಕೆ ಹೋಗುವ ಹೊತ್ತು ತೀರಾ ಕಡಿಮೆ. ಉಳಿದ ಹೊತ್ತೆಲ್ಲ ಬೇರೆ ಕೆಲಸಕ್ಕೆ ಹೋಗುತ್ತದೆ. ಮಳೆ ಯಾವಾಗ ಬರುತ್ತೆ, ರೇಷನ್ ಎಲ್ಲಿಗೆ ಮುಟ್ಟಿದೆ, ಹುಡುಗರು ಮಾತ್ರೆ ನುಂಗಿದರಾ, ರಸ್ತೆ ಯಾರು ಮಾಡುತ್ತಾರೆ, ಮೇಲಿನವರಿಗೆ "ಆಗಲ್ಲ" ಅಂತ ಹೇಳುವುದು ಹೇಗೆ. ಇಷ್ಟೂ ಸರಿಯಾಗಿದ್ದರೆ ಕಡೆಯಲ್ಲಿ ಕೊಡುವ ಹುಕುಂ ಎರಡು ಸಾಲಿನಲ್ಲಿ ಮುಗಿಯುತ್ತದೆ. ಇವು ಸರಿಯಿಲ್ಲದಿದ್ದರೆ ಎಷ್ಟು ಕೂಗಿದರೂ ಅಷ್ಟೇ.

ಯಾರು ಮೊದಲು, ಯಾರು ಕಡೆಗೆ

1932ರ ಡಿಸೆಂಬರ್ 10ರಂದು ಡೆಹ್ರಾಡೂನಿನಲ್ಲಿ ಇಂಡಿಯನ್ ಮಿಲಿಟರಿ ಅಕಾಡೆಮಿಯ ಉದ್ಘಾಟನೆ ನಡೆಯಿತು. ಅಲ್ಲಿ ಮಾತಾಡಿದವರು ಆಗಿನ ಸೇನಾ ಮುಖ್ಯಸ್ಥ ಫಿಲಿಪ್ ಚೆಟ್‌ವುಡ್. ಆ ಭಾಷಣದ ಮೂರು ವಾಕ್ಯ ಇವತ್ತಿಗೂ ಅಲ್ಲಿಂದ ಹೊರಬರುವ ಪ್ರತಿ ಅಧಿಕಾರಿಗೆ ಬಾಯಿಪಾಠ. ನಿನ್ನ ದೇಶದ ಸುರಕ್ಷತೆ, ಗೌರವ, ಒಳಿತು ಯಾವಾಗಲೂ ಮೊದಲು. ನಿನ್ನ ಕೈಕೆಳಗಿನ ಜನರ ಗೌರವ, ಒಳಿತು, ಅನುಕೂಲ ಅದಾದ ಮೇಲೆ. ನಿನ್ನ ಸ್ವಂತ ಆರಾಮ, ಅನುಕೂಲ, ಸುರಕ್ಷತೆ ಯಾವಾಗಲೂ ಕಡೆಗೆ. ಹೇಳಿದವರು ಬ್ರಿಟಿಷರು, ಕೇಳಿದವರು ಭಾರತದ ಹುಡುಗರು. "ನಿನ್ನ ದೇಶ" ಅಂದರೆ ಯಾವುದು ಅನ್ನುವ ಪ್ರಶ್ನೆ ಅವತ್ತಿಗೆ ಬೇರೆಯೇ ಇತ್ತು, ಆ ಮಾತು ಇಲ್ಲಿ ಬೇಡ.

ಮೊದಲನೇ ಸಾಲನ್ನು ಎಲ್ಲರೂ ಭಾಷಣಗಳಲ್ಲಿ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ನಡುವಿನದು. ಅಧಿಕಾರ ಮೇಲಿನಿಂದ ಬರುತ್ತದೆ, ನಿಜ. ಆದರೆ ಕರ್ತವ್ಯ ಮೇಲಿನವರಿಗೆ ಸಲ್ಯೂಟ್ ಹೊಡೆಯುವುದರಲ್ಲಿ ಮುಗಿಯುವುದಿಲ್ಲ, ಕೆಳಗಿನವರ ಕಡೆಗೂ ಅಷ್ಟೇ ಇದೆ ಅಂತ ಅದು ಬರೆದುಕೊಟ್ಟಿದೆ.

ಮೂರನೇ ಸಾಲು ಆಚರಣೆಯಲ್ಲಿ ಹೇಗಿರುತ್ತದೆ ಅನ್ನುವುದಕ್ಕೆ ಬರ್ಮಾದ ಒಂದು ಸಂಗತಿ ಸಾಕು. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಜಪಾನಿನ ವಿರುದ್ಧ 14ನೇ ಸೇನೆಯನ್ನು ನಡೆಸಿದವರು ಬ್ರಿಟಿಷ್ ಜನರಲ್ ವಿಲಿಯಂ ಸ್ಲಿಮ್. ಆ ಸೇನೆಯಲ್ಲಿ ಭಾರತದ ಸೈನಿಕರೇ ಜಾಸ್ತಿ. ಮುಂದಿನ ತುಕಡಿಗಳಿಗೆ ಅರ್ಧ ರೇಷನ್ ಆದಾಗಲೆಲ್ಲ ಸ್ಲಿಮ್ ತಮ್ಮ ಕೇಂದ್ರ ಕಚೇರಿಗೂ ಅರ್ಧ ರೇಷನ್ ಮಾಡುತ್ತಿದ್ದರು. ಇದರಿಂದ ಉಳಿಯುವ ಅಕ್ಕಿ ಎಷ್ಟು? ಹೆಚ್ಚೇನಿಲ್ಲ, ಅದನ್ನು ಅವರೇ ಒಪ್ಪಿಕೊಂಡಿದ್ದಾರೆ. ಆದರೆ ಕಚೇರಿಯಲ್ಲಿ ಕೂತು ಲಾರಿ, ವಿಮಾನಗಳ ಲೆಕ್ಕ ನೋಡುತ್ತಿದ್ದ ಹರೆಯದ ಅಧಿಕಾರಿಗಳಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಮುಂದಿನ ತುಕಡಿಗೆ ಬೇಗ ಪೂರ್ತಿ ರೇಷನ್ ಮುಟ್ಟಿಸಬೇಕು ಅನ್ನುವುದನ್ನು ಅವರಿಗೆ ಬೇರೆ ಯಾರೂ ನೆನಪಿಸಬೇಕಾಗಲಿಲ್ಲ.

ಒಂದು ಮಾತ್ರೆಯ ಕತೆ, ಒಂದು ಎಣ್ಣೆಯ ಕತೆ

ಸ್ಲಿಮ್ ಅವರನ್ನು ನಾನು ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತೇನೆ. ಮಲೆನಾಡಿನವರಿಗೆ ಇವರ ಅನುಭವ ಬೇರೆ ಎಲ್ಲರದ್ದಕ್ಕಿಂತ ಹತ್ತಿರ. ಕಾಡು, ಮಳೆ, ಜ್ವರ ಮೂರೂ ಅಲ್ಲಿವೆ.

1943ರಲ್ಲಿ ಅವರು ಅಧಿಕಾರ ವಹಿಸಿಕೊಂಡಾಗ ಲೆಕ್ಕ ಹೀಗಿತ್ತು: ಗಾಯಗೊಂಡು ಹಿಂದಕ್ಕೆ ಹೋಗುವ ಒಬ್ಬ ಸೈನಿಕನಿಗೆ ಕಾಯಿಲೆಯಿಂದ ಹಿಂದಕ್ಕೆ ಹೋಗುವವರು 120 ಜನ. ಮಲೇರಿಯಾ ಬಂದವನನ್ನು ನೂರಾರು ಮೈಲಿ ದೂರದ ಆಸ್ಪತ್ರೆಗೆ ಸಾಗಿಸುತ್ತಿದ್ದರು. ಅವನು ವಾಪಸು ಬರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತಿದ್ದವು. ಶತ್ರು ಗುಂಡು ಹಾರಿಸಬೇಕಾಗೇ ಇರಲಿಲ್ಲ, ಸೊಳ್ಳೆಗಳೇ ಸೇನೆಯನ್ನು ಕರಗಿಸುತ್ತಿದ್ದವು.

ಸ್ಲಿಮ್ ಮೊದಲು ಚಿಕಿತ್ಸೆಯ ಜಾಗ ಬದಲಿಸಿದರು. ಕಾದಾಟದ ಸಾಲಿನ ಹಿಂದೆ ಕೆಲವೇ ಮೈಲಿ ದೂರದಲ್ಲಿ ಮಲೇರಿಯಾ ಶಿಬಿರಗಳನ್ನು ಹಾಕಿಸಿದರು. ಜ್ವರ ಬಂದವನಿಗೆ ಒಂದು ದಿನದೊಳಗೆ ಔಷಧಿ ಸಿಗುತ್ತಿತ್ತು, ಕೆಲವೇ ವಾರಗಳಲ್ಲಿ ಅವನು ಮತ್ತೆ ತನ್ನ ತುಕಡಿಗೆ ಬರುತ್ತಿದ್ದ. ಆಮೇಲೆ ತಡೆಗಟ್ಟುವ ಕೆಲಸ. ಸಂಜೆಯಾದರೆ ತೋಳು ಇಳಿಸಿ, ಉದ್ದ ಪ್ಯಾಂಟ್ ಹಾಕಿ, ದಿನಾ ಮೆಪಾಕ್ರಿನ್ ಮಾತ್ರೆ ನುಂಗಿ. ಕೇಳುವುದಕ್ಕೆ ಸುಲಭ. ಆದರೆ ಆ ಮಾತ್ರೆಯಿಂದ ಗಂಡಸುತನ ಹೋಗುತ್ತೆ ಅನ್ನುವ ಗುಸುಗುಸು ಹಬ್ಬಿತು. ಹುಡುಗರು ಮಾತ್ರೆ ಇಸಕೊಂಡು ಪಕ್ಕಕ್ಕೆ ಎಸೆಯತೊಡಗಿದರು.

ಇಲ್ಲಿ ಸಾಮಾನ್ಯ ಅಧಿಕಾರಿ ಏನು ಮಾಡುತ್ತಿದ್ದ? ಸುತ್ತೋಲೆ ಕಳಿಸುತ್ತಿದ್ದ. "ಎಲ್ಲರೂ ಕಡ್ಡಾಯವಾಗಿ ಮಾತ್ರೆ ಸೇವಿಸತಕ್ಕದ್ದು." ಸೇವಿಸದವನಿಗೆ ಶಿಕ್ಷೆ. ಸ್ಲಿಮ್ ಬೇರೆ ದಾರಿ ಹಿಡಿದರು. ಮುನ್ಸೂಚನೆ ಕೊಡದೆ ಇಡೀ ತುಕಡಿಯನ್ನೇ ತಪಾಸಣೆಗೆ ನಿಲ್ಲಿಸಿದರು. ಪ್ರತಿಯೊಬ್ಬನ ಮೈಯಲ್ಲಿ ಮಾತ್ರೆಯ ಅಂಶ ಇದೆಯಾ ಅಂತ ನೋಡಿಸಿದರು. ನೂರಕ್ಕೆ 95 ಜನಕ್ಕಿಂತ ಕಡಿಮೆ ಬಂದರೆ ಆ ತುಕಡಿಯ ಕಮಾಂಡರ್‌ನನ್ನು ಕೆಲಸದಿಂದ ತೆಗೆದರು. ಮೂವರನ್ನು ತೆಗೆಯಬೇಕಾಯಿತು. ಅಷ್ಟರಲ್ಲಿ ಉಳಿದವರಿಗೆಲ್ಲ ವಿಷಯ ಅರ್ಥವಾಗಿತ್ತು, ನಾಲ್ಕನೆಯವನನ್ನು ತೆಗೆಯುವ ಅಗತ್ಯವೇ ಬೀಳಲಿಲ್ಲ.

ಇದರಲ್ಲಿ ಎರಡು ಸಂಗತಿ ಇವೆ. ಆರೋಗ್ಯ ಡಾಕ್ಟರ ತಲೆನೋವು ಅಂತ ಅವರು ಬಿಡಲಿಲ್ಲ, ಜನರನ್ನು ನಡೆಸುವವನ ಹೊಣೆ ಅಂತ ಮಾಡಿದರು. ಮಾತ್ರೆ ಹಂಚಿದ ಲೆಕ್ಕವನ್ನೂ ಅವರು ನಂಬಲಿಲ್ಲ, ನುಂಗಿದ ಲೆಕ್ಕ ಕೇಳಿದರು.

ಈಗ ನಮ್ಮ ಕಾಡಿಗೆ ಬನ್ನಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋದ ಜನರಿಗೂ ಜ್ವರ ಹಿಡಿಯಿತು. ಮಂಗನ ಕಾಯಿಲೆ ಅಂತ ನಾವು ಕರೆಯುವ ಈ ರೋಗಕ್ಕೆ ಪ್ರಪಂಚದ ಪುಸ್ತಕಗಳಲ್ಲೆಲ್ಲ ಆ ಊರಿನ ಹೆಸರೇ ಇದೆ. ಹರಡುವುದು ಉಣುಗು. 2018ರ ಕೊನೆಗೆ ಶುರುವಾಗಿ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಅದು ಜೀವ ತೆಗೆದದ್ದು ಎಲ್ಲರಿಗೂ ನೆನಪಿದೆ. ಬೇಸಿಗೆಯಲ್ಲಿ ಕೊಟ್ಟಿಗೆಗೆ ತರಗೆಲೆ ತರಲು, ಸೌದೆಗೆ, ದನ ಹುಡುಕಲು ಕಾಡಿಗೆ ಹೋಗುವವರಿಗೆ ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಕೊಡುತ್ತಾರೆ. ಆಶಾ ಕಾರ್ಯಕರ್ತೆಯರು ಮನೆ ಮನೆ ಅಲೆದು ತಲುಪಿಸುತ್ತಾರೆ.

ಬಾಟಲಿ ಮನೆಗೆ ಬಂತು. ಗೂಡಿನಲ್ಲಿ ಕೂತಿತು. ವಾಸನೆ, ಅಂಟು, ಸೆಕೆಯಲ್ಲಿ ಯಾರು ಹಚ್ಚಿಕೊಳ್ಳುತ್ತಾರೆ ಅನ್ನುವ ಉದಾಸೀನ. ಕಾಗದದಲ್ಲಿ ಹಂಚಿಕೆ ಪೂರ್ತಿ, ಮೈಮೇಲೆ ಎಣ್ಣೆ ಇಲ್ಲ. ಸ್ಲಿಮ್ ಅವರ ಕತೆಯೂ ಇದೇ ಅಲ್ವಾ? ಹಾಗಂತ ಊರಿನವರನ್ನು ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡುವುದಕ್ಕೆ ಆಗುವುದಿಲ್ಲ, ಮಾಡಲೂಬಾರದು. ಆದರೆ ಪ್ರಶ್ನೆ ಬದಲಿಸಬಹುದು. ಮೀಟಿಂಗಿನಲ್ಲಿ "ಎಷ್ಟು ಬಾಟಲಿ ಹಂಚಿದಿರಿ" ಅಂತ ಕೇಳುವ ಬದಲು "ಇವತ್ತು ಬೆಳಿಗ್ಗೆ ಕಾಡಿಗೆ ಹೋದವರಲ್ಲಿ ಎಷ್ಟು ಜನ ಹಚ್ಚಿಕೊಂಡಿದ್ದರು" ಅಂತ ಕೇಳಬಹುದು. ಉತ್ತರ ಕಡಿಮೆ ಬಂದರೆ ಬಿಸಿಲಲ್ಲಿ ಅಲೆದ ಕಾರ್ಯಕರ್ತೆಯನ್ನು ಬೈಯಬಾರದು, ಮೇಲೆ ಕೂತವರು ತಮ್ಮನ್ನು ತಾವು ಕೇಳಿಕೊಳ್ಳಬೇಕು. ಸ್ಲಿಮ್ ಕೆಲಸದಿಂದ ತೆಗೆದದ್ದು ಸಿಪಾಯಿಗಳನ್ನಲ್ಲ.

ಮಳೆ ಬರುತ್ತೆ, ಈಗ ಆಗಲ್ಲ

ಮೇಲಿನವರಿಗೆ "ಆಗಲ್ಲ" ಅನ್ನುವುದು ಸೇನೆಯಲ್ಲಿ ಸಾಧ್ಯವೇ ಇಲ್ಲ ಅಂತ ನಾವು ಅಂದುಕೊಂಡಿದ್ದೇವೆ. ನಿಜ ಹೇಳಬೇಕೆಂದರೆ ಅದನ್ನು ಸರಿಯಾದ ಹೊತ್ತಿನಲ್ಲಿ ಹೇಳುವುದೇ ಸೇನಾನಾಯಕನ ಅತಿ ಕಷ್ಟದ ಕರ್ತವ್ಯ. ಹೇಳಿದರೆ ಏನಾಗುತ್ತದೆ, ಹೇಳದಿದ್ದರೆ ಏನಾಗುತ್ತದೆ, ಎರಡಕ್ಕೂ ನಮ್ಮ ಸೇನೆಯ 4ನೇ ಕೋರ್ (ಕೆಲವು ಡಿವಿಷನ್‌ಗಳು ಸೇರಿದ ದೊಡ್ಡ ಪಡೆ) ಉದಾಹರಣೆ.

1962ರ ಶರತ್ಕಾಲ. ಈಗಿನ ಅರುಣಾಚಲದ ನಮ್ಕಾ ಚು ಹಳ್ಳದ ಬಳಿ ಚೀನಾದವರನ್ನು ಹಿಂದಕ್ಕಟ್ಟಬೇಕು ಅಂತ ದೆಹಲಿಯ ಒತ್ತಡ. ಅಲ್ಲಿನ ಹೊಣೆ ಹೊತ್ತಿದ್ದ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್, ಸಾಮಾನು ಸರಂಜಾಮು ಇಲ್ಲದೆ ಇದು ಆಗದ ಮಾತು ಅಂದರು. ಅವರ ಮಾತು ರುಚಿಸಲಿಲ್ಲ. ಆ ಪ್ರದೇಶವನ್ನೇ ಅವರ ಕೈಯಿಂದ ತೆಗೆದು, ಹೊಸದಾಗಿ ಕಟ್ಟಿದ 4ನೇ ಕೋರ್‌ಗೆ ಕೊಟ್ಟು, ಬಿ. ಎಂ. ಕೌಲ್ ಅವರನ್ನು ಕೂರಿಸಿದರು. ಅಲ್ಲಿದ್ದ 7ನೇ ಬ್ರಿಗೇಡಿನ ಸೈನಿಕರ ಮೈಮೇಲೆ ಹತ್ತಿಯ ಬಟ್ಟೆ, ಜೇಬಿನಲ್ಲಿ ತಲಾ 50 ಗುಂಡು. ಎದುರಿನ ಗುಡ್ಡದ ಮೇಲೆ ಚೀನಾ, ಕೆಳಗೆ ಹಳ್ಳದ ದಂಡೆಯಲ್ಲಿ ನಮ್ಮವರು. ಕೌಲ್ ಕಾಯಿಲೆ ಬಿದ್ದು ದೆಹಲಿಗೆ ಹೋದರು, ಹಾಸಿಗೆಯಿಂದಲೇ ಕೋರ್ ನಡೆಸಿದರು. ಅಕ್ಟೋಬರ್ 20ರ ಬೆಳಗಿನ ಜಾವ ಚೀನಾ ಮೇಲೆ ಬಿತ್ತು. ಕೆಲವೇ ಗಂಟೆಗಳಲ್ಲಿ ಬ್ರಿಗೇಡ್ ಛಿದ್ರವಾಯಿತು. ಅದರ ಕಮಾಂಡರ್ ಜಾನ್ ದಳವಿ ಸೆರೆ ಸಿಕ್ಕರು. ಅಲ್ಲಿ ಸೈನಿಕರು ಹೇಡಿಗಳಾಗಿರಲಿಲ್ಲ. "ಆಗಲ್ಲ" ಅಂದವರನ್ನು ಸರಿಸಿ "ಆಗುತ್ತೆ" ಅನ್ನುವವರನ್ನು ಹುಡುಕಿದ್ದಕ್ಕೆ ಅವರು ಬೆಲೆ ತೆತ್ತರು.

ಸೋತ ಮೇಲೆ ಆ 4ನೇ ಕೋರ್‌ನ ಹೊಣೆ ಹೊತ್ತು ಹೋದವರು ಸ್ಯಾಮ್ ಮಾಣೆಕ್‌ಶಾ. ಮುರಿದ ಮನಸ್ಸಿನ ಸೈನಿಕರನ್ನು ಅವರು ಹತ್ತಿರದಿಂದ ನೋಡಿದರು. ಒಂಬತ್ತು ವರ್ಷದ ನಂತರ ಅವರು ಏನು ಮಾಡಿದರು ಅನ್ನುವುದನ್ನು ಇದರ ಜೊತೆ ಇಟ್ಟು ನೋಡಬೇಕು.

1971ರ ಏಪ್ರಿಲ್. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಲಕ್ಷಗಟ್ಟಲೆ ಬರುತ್ತಿದ್ದರು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಸೇನೆ ಕೂಡಲೇ ನುಗ್ಗಬೇಕಿತ್ತು. ಆಗ ಸೇನಾ ಮುಖ್ಯಸ್ಥರಾಗಿದ್ದ ಮಾಣೆಕ್‌ಶಾ ಸಂಪುಟದ ಎದುರೇ ಬೇಡ ಅಂದರು. ಈಗ ಮಳೆಗಾಲ ಶುರುವಾಗುತ್ತೆ, ಅಲ್ಲಿನ ನದಿಗಳು ಸಮುದ್ರವಾಗುತ್ತವೆ. ಹಿಮಾಲಯದ ಕಣಿವೆಗಳಲ್ಲಿ ಹಿಮ ಕರಗುತ್ತಿದೆ, ಚೀನಾ ಇಳಿದು ಬರಬಹುದು. ಉತ್ತರದಲ್ಲಿ ಸುಗ್ಗಿ, ರೈಲು ಲಾರಿಗಳೆಲ್ಲ ಧಾನ್ಯಕ್ಕೆ ಬೇಕು. ಟ್ಯಾಂಕ್ ದಳ ಸಿದ್ಧವಿಲ್ಲ. ಈಗ ಹೋದರೆ ಸೋಲು ಖಚಿತ, ಬೇಕಾದರೆ ರಾಜೀನಾಮೆ ಕೊಡುತ್ತೇನೆ, ಸಮಯ ಕೊಟ್ಟರೆ ಗೆಲುವು ನನ್ನ ಹೊಣೆ. ಈ ಸಭೆಯ ವಿವರ ನಮಗೆ ಸಿಗುವುದು ಹೆಚ್ಚಾಗಿ ಅವರ ಬಾಯಿಂದಲೇ. ಅವರು ಸೊಗಸಾಗಿ ಕತೆ ಹೇಳುವ ಮನುಷ್ಯ, ಸ್ವಲ್ಪ ಬಣ್ಣ ಸೇರಿರಬಹುದು. ಆದರೆ ಯುದ್ಧ ನಡೆದದ್ದು ಡಿಸೆಂಬರಿನಲ್ಲಿ, ಮಳೆ ನಿಂತು ಹಿಮಾಲಯದ ದಾರಿಗಳಲ್ಲಿ ಹಿಮ ಬಿದ್ದ ಮೇಲೆ. ಡಿಸೆಂಬರ್ 3ಕ್ಕೆ ಶುರು, 16ಕ್ಕೆ ಢಾಕಾದಲ್ಲಿ ಶರಣಾಗತಿ, ಸುಮಾರು 93,000 ಸೆರೆಯಾಳುಗಳು.

ಆಗುಂಬೆಯ ಜುಲೈ ಕಂಡವರಿಗೆ ಮಳೆಯಲ್ಲಿ ಸೇನೆ ನಡೆಸುವುದು ಏನು ಅಂತ ಬಿಡಿಸಿ ಹೇಳಬೇಕಿಲ್ಲ. ನಾನು ಗಮನಿಸಿದ್ದು ಆ "ಬೇಡ"ದ ರೀತಿ. ತೀರ್ಮಾನ ಆಗುವ ಮೊದಲು ಹೇಳಿದರು. ಎದುರಿಗೇ ಹೇಳಿದರು, ಹೊರಗೆ ಬಂದು ಗೊಣಗಲಿಲ್ಲ. ಕಾರಣ ಕೊಟ್ಟರು. ಯಾವಾಗ ಆಗುತ್ತೆ ಅಂತಲೂ ಹೇಳಿ ಅದಕ್ಕೆ ತಾವೇ ಜವಾಬ್ದಾರಿ ಹೊತ್ತುಕೊಂಡರು. ನಮ್ಮ ಕಚೇರಿಗಳಲ್ಲಿ ನಡೆಯುವುದು ತಿರುಗುಮುರುಗು. ಸಭೆಯಲ್ಲಿ ಎಲ್ಲರೂ "ಆಯ್ತು ಸರ್". ಹೊರಗೆ ಕಾಫಿ ಕುಡಿಯುವಾಗ "ಇದು ಆಗೋ ಕೆಲಸನಾ?"

ಏನು ಮಾಡು ಅನ್ನೋದಕ್ಕಿಂತ ಯಾಕೆ ಅನ್ನೋದು

1806ರಲ್ಲಿ ನೆಪೋಲಿಯನ್ ಪ್ರಷ್ಯಾದ (ಆಗಿನ ಒಂದು ಜರ್ಮನ್ ರಾಜ್ಯ) ಸೇನೆಯನ್ನು ಜೆನಾದಲ್ಲಿ ಪುಡಿಗಟ್ಟಿದ. ಕವಾಯತಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಮೇಲಿನಿಂದ ಆದೇಶ ಬರುವ ತನಕ ಯಾರೂ ಅಲುಗಾಡುತ್ತಿರಲಿಲ್ಲ. ಸೋತ ಮೇಲೆ ಅವರು ಪದ್ಧತಿಯನ್ನೇ ಬದಲಿಸುತ್ತ ಹೋದರು. ಮುಂದೆ ಅವರ ಸೇನಾ ಮುಖ್ಯಸ್ಥ ಮೋಲ್ಟ್‌ಕೆ ಅದನ್ನು ಗಟ್ಟಿ ಮಾಡಿದರು. ಮೇಲಿನವನು ಏನು ಸಾಧಿಸಬೇಕು, ಯಾಕೆ ಅನ್ನುವುದನ್ನು ಹೇಳಬೇಕು. ಹೇಗೆ ಅನ್ನುವುದನ್ನು ಸ್ಥಳದಲ್ಲಿ ಇರುವವನಿಗೆ ಬಿಡಬೇಕು. ಇವತ್ತು ಬಹುತೇಕ ಸೇನೆಗಳು ಇದನ್ನೇ ಕಲಿಸುತ್ತವೆ. ಅವರ ಆದೇಶಕ್ಕೆ ಐದು ಭಾಗ: ಪರಿಸ್ಥಿತಿ ಏನು, ನಮ್ಮ ಗುರಿ ಏನು, ಹೇಗೆ ಮಾಡುವುದು, ಊಟ ಮದ್ದು ಗುಂಡಿನ ವ್ಯವಸ್ಥೆ ಏನು, ಯಾರ ನಂತರ ಯಾರು ಮತ್ತು ಸಂಪರ್ಕ ಹೇಗೆ. ಗುರಿಯ ಭಾಗವನ್ನು ಎರಡು ಸಲ ಓದುವ ರೂಢಿಯೂ ಇದೆ. ಕೇಳಿಸಿಕೊಂಡವನು ಅದನ್ನು ತನ್ನ ಮಾತಿನಲ್ಲಿ ವಾಪಸು ಹೇಳಬೇಕು. "ಗೊತ್ತಾಯ್ತಾ?" "ಗೊತ್ತಾಯ್ತು" ಅಲ್ಲಿ ನಡೆಯುವುದಿಲ್ಲ.

ಅಡಿಕೆ ತೋಟದವರಿಗೆ ಇದು ಬೇಗ ತಿಳಿಯುತ್ತದೆ. ಮಳೆ ಹಿಡಿಯುವ ಮೊದಲು ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. ಯಜಮಾನರು "ಇವತ್ತು ಮೇಲಿನ ತೋಟ, ನಾಳೆ ಕೆಳಗಿನದು" ಅಂತ ಹೇಳಿ ಶಿವಮೊಗ್ಗದ ಬಸ್ಸು ಹತ್ತುತ್ತಾರೆ. ಹನ್ನೊಂದು ಗಂಟೆಗೆ ಮೋಡ ಕವಿಯುತ್ತದೆ. ಮರ ಹತ್ತುವವರು ಹೇಳಿದ ಹಾಗೆ ಮೇಲಿನ ತೋಟದಲ್ಲೇ ಇರುತ್ತಾರೆ. ಹಳ್ಳದ ಪಕ್ಕದ, ಗಾಳಿ ಆಡದ ತುಂಡು ಹಾಗೇ ಉಳಿಯುತ್ತದೆ, ಕೊಳೆ ಮೊದಲು ಹತ್ತುವುದು ಅಲ್ಲೇ. ಅದೇ ಯಜಮಾನರು "ಹಳ್ಳದ ಬದಿಯದು ಏನಾದರೂ ಮಾಡಿ ಉಳಿಯಬೇಕು, ಉಳಿದದ್ದು ನಾಲ್ಕು ದಿನ ತಡವಾದರೂ ಅಡ್ಡಿಲ್ಲ" ಅಂದಿದ್ದರೆ? ಮೋಡ ನೋಡಿದ ಕೂಡಲೇ ಅವರು ಜಾಗ ಬದಲಿಸುತ್ತಿದ್ದರು. ಫೋನ್ ಮಾಡಿ ಕೇಳೋಣ ಅಂದರೆ ನಮ್ಮ ಕಡೆ ನೆಟ್‌ವರ್ಕ್ ಸಿಗಬೇಕಲ್ಲ.

1971ಕ್ಕೆ ಮತ್ತೆ ಹೋದರೆ, ಅದೇ 4ನೇ ಕೋರ್ ಆಗ ಸಗತ್ ಸಿಂಗ್ ಅವರ ಕೈಯಲ್ಲಿತ್ತು. ಅವರಿಗೆ ಕೊಟ್ಟ ಕೆಲಸ ಮೇಘನಾ ನದಿಯ ಪೂರ್ವದ ದಂಡೆಯ ತನಕ ಹಿಡಿಯುವುದು. ನದಿ ದಾಟಿ ಢಾಕಾಕ್ಕೆ ಹೋಗು ಅಂತ ಕಾಗದದಲ್ಲಿ ಇರಲಿಲ್ಲ. ಆಶುಗಂಜ್ ಸೇತುವೆಯನ್ನು ಪಾಕಿಸ್ತಾನದವರು ಒಡೆದರು. ಸಗತ್ ಸಿಂಗ್ ಅಲ್ಲಿ ಕೂತು ದೆಹಲಿಯ ಅನುಮತಿಗೆ ಕಾಯಲಿಲ್ಲ. ಡಿಸೆಂಬರ್ 9ರಿಂದ ಎಂಐ-4 ಹೆಲಿಕಾಪ್ಟರ್‌ಗಳಲ್ಲಿ ಸೈನಿಕರನ್ನು ಆಚೆ ದಂಡೆಗೆ ಇಳಿಸಿದರು. ಸಿಕ್ಕ ದೋಣಿಗಳಲ್ಲಿ ಉಳಿದವರು ದಾಟಿದರು. ಒಂದು ವಾರದಲ್ಲಿ ಯುದ್ಧ ಮುಗಿಯಿತು. ಇದನ್ನು ಆದೇಶ ಮೀರಿದ್ದು ಅನ್ನಬಹುದು. ಆದರೆ ಯುದ್ಧದ ಉದ್ದೇಶ ಅವರಿಗೆ ಗೊತ್ತಿತ್ತು, ಆ ಉದ್ದೇಶದ ಒಳಗೇ ಅವರು ಹೆಜ್ಜೆ ಇಟ್ಟರು. ಉದ್ದೇಶ ಗೊತ್ತಿಲ್ಲದವನು ಹೀಗೆ ಮುನ್ನುಗ್ಗಿದ್ದರೆ ಅದು ಬರೀ ಹುಂಬತನ.

ಉದ್ದೇಶ ಸ್ಪಷ್ಟವಿದ್ದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಗೊತ್ತಾಗುತ್ತದೆ. ಇದಕ್ಕೆ ನಾವು ದೂರ ಹೋಗಬೇಕಿಲ್ಲ, ಹೊಸನಗರ ತಾಲ್ಲೂಕಿನ ನಗರಕ್ಕೆ ಹೋದರೆ ಸಾಕು. ಆಗಿನ ಬಿದನೂರು ಅದು. ಅಲ್ಲಿಂದ ಆಳಿದ ಕೆಳದಿ ಚೆನ್ನಮ್ಮನ ಬಳಿಗೆ 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಆಶ್ರಯ ಕೇಳಿ ಬಂದ. ಅವನ ಅಣ್ಣ ಸಂಭಾಜಿಯನ್ನು ಔರಂಗಜೇಬ ಆಗಷ್ಟೇ ಕೊಲ್ಲಿಸಿದ್ದ. ಆಶ್ರಯ ಕೊಟ್ಟರೆ ಮೊಘಲ್ ಸೇನೆ ಬರುವುದು ಖಚಿತ. ಕೊಡದಿದ್ದರೆ ಬೇಡಿ ಬಂದವನನ್ನು ಕೈಬಿಟ್ಟ ಹಾಗೆ. ಆಕೆ ಆಶ್ರಯ ಕೊಟ್ಟು, ಅವನು ಜಿಂಜಿಯ ಕಡೆ ದಾಟಿಹೋಗಲು ದಾರಿ ಮಾಡಿದಳು. ಮೊಘಲರು ಬಂದರು. ಬಯಲಿನಲ್ಲಿ ಪಳಗಿದ ಆ ಸೇನೆಗೆ ಇಲ್ಲಿನ ಘಟ್ಟ, ಕಾಡು, ಜಿಟಿಜಿಟಿ ಮಳೆ ಹೊಸದು. ಕೆಳದಿಯವರಿಗೆ ಅದು ಮನೆಯಂಗಳ. ಕಾದಾಟದ ನಂತರ ಸಂಧಿಯಾಯಿತು.

ಚೆನ್ನಮ್ಮನ ಶೌರ್ಯದ ಬಗ್ಗೆ ನಾವು ಸಾಕಷ್ಟು ಮಾತಾಡುತ್ತೇವೆ. ಆ ಸಂಧಿಯ ಬಗ್ಗೆ ಯಾರೂ ಹೆಚ್ಚು ಹೇಳುವುದಿಲ್ಲ. ನನಗೆ ಅದೂ ಅಷ್ಟೇ ದೊಡ್ಡದು ಅನ್ನಿಸುತ್ತದೆ. ಆಕೆಯ ಗುರಿ ದೆಹಲಿಯ ಬಾದಶಹನನ್ನು ಮಣಿಸುವುದಾಗಿರಲಿಲ್ಲ. ನಂಬಿ ಬಂದವನು ಸುರಕ್ಷಿತವಾಗಿ ದಾಟಬೇಕಿತ್ತು, ತನ್ನ ನಾಡು ಉಳಿಯಬೇಕಿತ್ತು. ಎರಡೂ ಆದ ಮೇಲೆ ಹಟಕ್ಕೆ ಇನ್ನೊಂದು ತಿಂಗಳು ಜನರನ್ನು ಸಾಯಿಸುವುದರಲ್ಲಿ ಅರ್ಥವಿರಲಿಲ್ಲ.

ನಾಯಕ ಎಲ್ಲಿ ನಿಲ್ಲಬೇಕು?

"ಮುಂದೆ ನಿಂತು ನಡೆಸಬೇಕು" ಅನ್ನುವುದು ಸುಲಭದ ಉತ್ತರ. ಯಾವಾಗಲೂ ಮುಂದೆ ನಿಂತರೆ ಹಿಂದಿನ ಕೆಲಸ ಯಾರು ನೋಡಬೇಕು? ಮಡಿಕೇರಿಯ ಕೆ. ಎಸ್. ತಿಮ್ಮಯ್ಯನವರು 1948ರಲ್ಲಿ ಮಾಡಿದ್ದನ್ನು ನೋಡಿದರೆ ಇದಕ್ಕೊಂದು ಲೆಕ್ಕ ಸಿಗುತ್ತದೆ.

ಕಾಶ್ಮೀರಕ್ಕಾಗಿ ಪಾಕಿಸ್ತಾನದ ಜೊತೆ ಯುದ್ಧ ನಡೆಯುತ್ತಿತ್ತು. ಆ ವರ್ಷ ಮೇ ತಿಂಗಳಲ್ಲಿ ಲೇಹ್ ಶತ್ರುಗಳ ಕೈಗೆ ಬೀಳುವ ಹಂತದಲ್ಲಿತ್ತು. ವಿಮಾನದಲ್ಲಿ ಸೈನಿಕರನ್ನು ಇಳಿಸಬೇಕು. ಲೇಹ್ ಇರುವುದು ಸುಮಾರು 11,500 ಅಡಿ ಎತ್ತರದಲ್ಲಿ. ಆ ದಾರಿಯಲ್ಲಿ ಡಕೋಟಾ ವಿಮಾನ ಯಾರೂ ಹಾರಿಸಿರಲಿಲ್ಲ. ವಾಯುಪಡೆಯ ಮೆಹರ್ ಸಿಂಗ್ ಹಾರಿಸಿದ ಮೊದಲ ವಿಮಾನದಲ್ಲಿ ತಿಮ್ಮಯ್ಯನವರು ತಾವೇ ಹತ್ತಿ ಕೂತರು. ನವೆಂಬರಿನಲ್ಲಿ ಜೋಜಿಲಾ ಕಣಿವೆ. ಪದಾತಿ ಸೈನಿಕರ ದಾಳಿ ಅಲ್ಲಿ ವಿಫಲವಾಗಿತ್ತು. ಅಷ್ಟು ಎತ್ತರಕ್ಕೆ ಟ್ಯಾಂಕ್ ತರುವುದು ಎಂದು ಅವರು ತೀರ್ಮಾನಿಸಿದರು. ತೋಪಿರುವ ಮೇಲಿನ ಗೋಪುರ ಬಿಚ್ಚಿ, ಟಾರ್ಪಾಲ್ ಹೊದಿಸಿ, ಗುಟ್ಟಾಗಿ ಸ್ಟುವರ್ಟ್ ಟ್ಯಾಂಕುಗಳನ್ನು ಸಾಗಿಸಿದರು. ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವರು ಬಾಲ್ತಾಲ್‌ನಿಂದ ಮೇಲಕ್ಕೆ ದಾರಿ ಕಡಿದರು. ನವೆಂಬರ್ 1ರಂದು ಹಿಮ ಬೀಳುತ್ತಿರುವಾಗ ಟ್ಯಾಂಕುಗಳು ಕಣಿವೆಯೊಳಗೆ ನುಗ್ಗಿದವು. ಮುಂದಿನ ಟ್ಯಾಂಕ್ ಒಂದರಲ್ಲಿ ತಿಮ್ಮಯ್ಯನವರೇ ಇದ್ದರು. ಎದುರಿನವರು ಅಲ್ಲಿ ಟ್ಯಾಂಕ್ ನೋಡುವುದನ್ನು ಕನಸಿನಲ್ಲೂ ಎಣಿಸಿರಲಿಲ್ಲ. ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಕೈಗೆ ಬಂದವು.

ಒಬ್ಬ ಡಿವಿಷನ್ ಕಮಾಂಡರ್ ಟ್ಯಾಂಕಿನಲ್ಲಿ ಕೂರುವುದು ಸಾಮಾನ್ಯ ದಿನಗಳಲ್ಲಿ ತಪ್ಪೇ. ಆದರೆ ಆ ಎರಡೂ ದಿನ ಕೊರತೆ ಇದ್ದದ್ದು ನಂಬಿಕೆಯದು. "ಇದು ಆಗುತ್ತಾ?" ಅನ್ನುವ ಅನುಮಾನ ಎಲ್ಲರಲ್ಲೂ ಇದ್ದಾಗ ನಾಯಕ ಮುಂದೆ ಇರಬೇಕಾಗುತ್ತದೆ. ಮತ್ತೆ, ಆ ಒಂದು ದಿನದ ಹಿಂದೆ ರಸ್ತೆ ಕಡಿದವರ, ಗೋಪುರ ಬಿಚ್ಚಿದವರ ವಾರಗಟ್ಟಲೆಯ ಬೆವರು ಇತ್ತು. ಫೋಟೋದಲ್ಲಿ ಅದು ಬರುವುದಿಲ್ಲ.

ಸೋತರೆ ಯಾರ ಹೆಸರು?

ಇದನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 1944ರ ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿಯ ದಾಳಿಗೆ ಮುಂಚೆ ಮಿತ್ರಪಡೆಗಳ ಮುಖ್ಯಸ್ಥ ಐಸೆನ್‌ಹೋವರ್ ಒಂದು ಚೀಟಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದರು. ದಾಳಿ ಸೋತರೆ ಓದುವುದಕ್ಕೆ. ಸೈನಿಕರು ಮಾಡಬೇಕಾದದ್ದನ್ನೆಲ್ಲ ಮಾಡಿದರು, ತಪ್ಪು ಇದ್ದರೆ ಅದು ನನ್ನೊಬ್ಬನದು ಅನ್ನುವುದು ಅದರ ಸಾರ. ಗಡಿಬಿಡಿಯಲ್ಲಿ ತಿಂಗಳನ್ನೂ ತಪ್ಪಾಗಿ ಜುಲೈ ಅಂತ ಬರೆದಿದ್ದರು. ಚೀಟಿ ಓದುವ ಪ್ರಸಂಗ ಬರಲಿಲ್ಲ.

ಕೊಡಗಿನ ಇನ್ನೊಬ್ಬರು ಕೆ. ಎಂ. ಕಾರ್ಯಪ್ಪನವರು, 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದವರು. 1965ರ ಯುದ್ಧದಲ್ಲಿ ಅವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದಲ್ಲಿ ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಡುತ್ತೇವೆ ಅಂದರು. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿ ಅಂತ ಕಾರ್ಯಪ್ಪನವರು ಉತ್ತರ ಕೊಟ್ಟರು ಅಂತ ಹೇಳುತ್ತಾರೆ. ಮಗ ಉಳಿದವರ ಜೊತೆಗೇ ವಾಪಸು ಬಂದರು.

ವಿಧೇಯತೆಗೂ ಒಂದು ಗೆರೆ ಇದೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. 1950ರ ನಮ್ಮ ಸೇನಾ ಕಾಯ್ದೆ ಶಿಕ್ಷೆ ಹೇಳುವುದು ಕಾನೂನುಬದ್ಧ ಆದೇಶವನ್ನು ಮೀರಿದವನಿಗೆ. ಕಾನೂನುಬಾಹಿರ ಆದೇಶ ಪಾಲಿಸುವುದು ಕರ್ತವ್ಯವಲ್ಲ. 1930ರಲ್ಲಿ ಪೇಶಾವರದಲ್ಲಿ ನಿಶ್ಶಸ್ತ್ರ ಜನರ ಮೇಲೆ ಗುಂಡು ಹಾರಿಸಲು ಚಂದ್ರಸಿಂಗ್ ಗಢವಾಲಿ ಮತ್ತು ಅವರ ಜೊತೆಗಾರರು ಒಪ್ಪಲಿಲ್ಲ. ಅವತ್ತಿನ ಸರ್ಕಾರ ಅವರನ್ನು ಜೈಲಿಗೆ ಹಾಕಿತು.

ನಮಗೆ ಎಷ್ಟು ಒಗ್ಗುತ್ತೆ?

ಇಷ್ಟು ಓದಿ ಯಾರಾದರೂ ನಾಳೆಯಿಂದ ಆಫೀಸಿನಲ್ಲಿ ಕಮಾಂಡರ್ ಆಗಲು ಹೊರಟರೆ ದಯವಿಟ್ಟು ಸ್ವಲ್ಪ ತಡೆಯಿರಿ. ಸೇನೆಯ ಹಿಂದೆ ಒಂದು ಕಾಯ್ದೆ ಇದೆ, ಕೋರ್ಟ್ ಮಾರ್ಷಲ್ ಇದೆ. ಸೈನಿಕ ಬೇಸರವಾಯಿತು ಅಂತ ಮಧ್ಯಾಹ್ನ ಎದ್ದು ಹೋಗುವಂತಿಲ್ಲ. ಅಡಿಕೆ ಕೊನೆ ಕೊಯ್ಯುವವನು ಹೋಗಬಹುದು, ಪಕ್ಕದ ತೋಟದಲ್ಲಿ ಅವನಿಗೆ ಇವತ್ತೇ ಕೆಲಸ ಇದೆ. ಸೇನೆಯಿಂದ ಜನ ಸುಲಭವಾಗಿ ಎರವಲು ತರುವುದು ದನಿ, ಗತ್ತು. ಅರ್ಧ ರೇಷನ್, ಮಾತ್ರೆಯ ತಪಾಸಣೆ, ಎದುರಿಗೆ ಹೇಳುವ "ಆಗಲ್ಲ", ಜೇಬಿನ ಚೀಟಿ ಇವನ್ನು ಯಾರೂ ತರುವುದಿಲ್ಲ. ಇವಕ್ಕೆ ಖರ್ಚು ಜಾಸ್ತಿ.

ತಿಮ್ಮಯ್ಯನವರ ಬದುಕಿನಲ್ಲೇ ನಮಗೆ ಹೆಚ್ಚು ಹೊಂದುವ ಇನ್ನೊಂದು ಅಧ್ಯಾಯ ಇದೆ. 1953ರಲ್ಲಿ ಕೊರಿಯಾದ ಯುದ್ಧ ನಿಂತ ಮೇಲೆ ಊರಿಗೆ ಮರಳಲು ಒಲ್ಲದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೆರೆಯಾಳುಗಳು ಉಳಿದರು. ಅವರ ಹಣೆಬರಹ ತೀರ್ಮಾನಿಸಲು ಐದು ದೇಶಗಳ ಆಯೋಗವಾಯಿತು. ಅದರ ಅಧ್ಯಕ್ಷರು ತಿಮ್ಮಯ್ಯ. ಸದಸ್ಯರಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ ವಾಲಿದರೆ ಪೋಲೆಂಡ್, ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ. ಸೆರೆಯಾಳುಗಳನ್ನು ಬಲವಂತವಾಗಿ ಕಳಿಸುವಂತಿಲ್ಲ, ಬಲವಂತವಾಗಿ ಇಟ್ಟುಕೊಳ್ಳುವಂತಿಲ್ಲ. ಎರಡೂ ಬಣಕ್ಕೆ ಇವರ ಮೇಲೆ ಅನುಮಾನ. ಅಲ್ಲಿ ಜೋಜಿಲಾದ ತಿಮ್ಮಯ್ಯ ಕೆಲಸಕ್ಕೆ ಬರುತ್ತಿರಲಿಲ್ಲ. ತಿಂಗಳುಗಟ್ಟಲೆ ಕೂತು ಕೇಳಬೇಕಿತ್ತು, ನಿಯಮ ಓದಿ ಹೇಳಬೇಕಿತ್ತು, ಇಬ್ಬರಿಂದಲೂ ಬೈಸಿಕೊಳ್ಳಬೇಕಿತ್ತು. ಗಡುವು ಮುಗಿದಾಗಲೂ ಒಮ್ಮತ ಬರಲಿಲ್ಲ. 1954ರ ಜನವರಿಯಲ್ಲಿ ಸೆರೆಯಾಳುಗಳನ್ನು ಹಿಡಿದಿದ್ದ ಆಯಾ ಪಕ್ಷಕ್ಕೇ ಅವರು ಒಪ್ಪಿಸಿದರು. ಗೆಲುವು ಅನ್ನುವ ಹಾಗಿರಲಿಲ್ಲ, ಆದರೆ ಕದನ ಮತ್ತೆ ಶುರುವಾಗಲಿಲ್ಲ.

ಅಡಿಕೆ ಸೊಸೈಟಿಯ ಅಧ್ಯಕ್ಷರ ಕುರ್ಚಿ ಕೊರಿಯಾದ ಈ ಕುರ್ಚಿಗೆ ಹತ್ತಿರ, ಟ್ಯಾಂಕಿನ ಸೀಟಿಗಲ್ಲ. ಅಲ್ಲಿ ಎರಡು ಗುಂಪು ಇರುತ್ತವೆ, ಯಾರನ್ನೂ ಹೊರಗೆ ಹಾಕುವಂತಿಲ್ಲ, ಬೈಲಾ ಇದೆ, ಮುಂದಿನ ವರ್ಷ ಚುನಾವಣೆಯೂ ಇದೆ. ಮುಂದಿನ ಸಲ ಸಭೆಯಲ್ಲಿ ಯಾರಾದರೂ "ಮಿಲಿಟರಿಯವರ ಥರದ ಮನುಷ್ಯ ಬೇಕು" ಅಂದರೆ, ಯಾವ ಮಿಲಿಟರಿಯವರು, ಯಾವ ವರ್ಷದವರು ಅಂತ ಕೇಳಿ ನೋಡಿ.